ಧರಿಸುವ ಕ್ಯಾಮೆರಾ ಮತ್ತು ಸಂಶೋಧನೆಯ ನೀತಿ

ನಿನ್ನೆ ಏನೇನು ತಿಂದಿರಿ, ಎಷ್ಟು ಹೊತ್ತು ಕೂತೇ ಇದ್ದಿರಿ ಎಂದು ಯಾರಾದರೂ ಕೇಳಿದರೆ ಸರಿಯಾಗಿ ಹೇಳೋದು ಕಷ್ಟ. ಅರ್ಧ ಮರೆತಿರುತ್ತದೆ. ಅದಕ್ಕೇ ಆರೋಗ್ಯದ ಅಭ್ಯಾಸಗಳನ್ನು ಅಧ್ಯಯನ ಮಾಡುವವರು ಧರಿಸುವ ಕ್ಯಾಮೆರಾ ಬಳಸುತ್ತಾರೆ. ಇದು ಕುತ್ತಿಗೆಗೆ ನೇತುಹಾಕಿಕೊಳ್ಳುವ ಪುಟ್ಟ ಸಾಧನ, ಗುಂಡಿ ಒತ್ತದೆಯೇ ತಾನಾಗಿ ಫೋಟೊ ತೆಗೆಯುತ್ತಿರುತ್ತದೆ. ಮೈಕ್ರೋಸಾಫ್ಟ್‌ನ ಕೇಂಬ್ರಿಡ್ಜ್ ಪ್ರಯೋಗಾಲಯದಲ್ಲಿ ಹುಟ್ಟಿದ ಸೆನ್ಸ್‌ಕ್ಯಾಮ್ ಇಂಥದ್ದೇ. 20 ಸೆಕೆಂಡಿಗೊಂದು ಎಂದುಕೊಂಡರೂ 12 ಗಂಟೆಗೆ 2,160 ಚಿತ್ರ!

ತೊಂದರೆ ಏನೆಂದರೆ, ಸ್ವಲ್ಪ ಹೊತ್ತಿಗೆ ಕ್ಯಾಮೆರಾ ಇರೋದೇ ಮರೆತುಹೋಗುತ್ತದೆ. ಬಚ್ಚಲುಮನೆಗೂ ಅದರ ಜೊತೆಗೇ ಹೋಗಿಬಿಡುತ್ತೇವೆ. ಎಟಿಎಂನಲ್ಲಿ ಒತ್ತಿದ ಪಿನ್, ಫೋನಿಗೆ ಬಂದ ಸಂದೇಶ, ಎದುರಿಗೆ ಕೂತು ಅಳುತ್ತಿದ್ದ ಗೆಳತಿ, ಎಲ್ಲವೂ ಚಿತ್ರವಾಗುತ್ತದೆ. ಧರಿಸಿದವರು ಒಪ್ಪಿ ಸಹಿ ಹಾಕಿರುತ್ತಾರೆ. ಆ ಗೆಳತಿ ಹಾಕಿಲ್ಲ, ಅಲ್ವಾ? ನನಗಂತೂ ಇಡೀ ವಿಷಯದಲ್ಲಿ ದೊಡ್ಡ ಪ್ರಶ್ನೆ ಇದೇ.

2013ರಲ್ಲಿ ಅಮೆರಿಕನ್ ಜರ್ನಲ್ ಆಫ್ ಪ್ರಿವೆಂಟಿವ್ ಮೆಡಿಸಿನ್ ಪತ್ರಿಕೆಯಲ್ಲಿ ಇದಕ್ಕೊಂದು ನೀತಿ ಚೌಕಟ್ಟು ಪ್ರಕಟವಾಯಿತು. ಅದರಲ್ಲಿ ನನಗೆ ತುಂಬಾ ಸರಿ ಎನಿಸುವ ನಿಯಮ ಒಂದಿದೆ. ಚಿತ್ರಗಳನ್ನು ಮೊದಲು ನೋಡಬೇಕಾದವರು ಧರಿಸಿದವರೇ, ಅದೂ ಒಬ್ಬರೇ ಕೂತು. ಬೇಡವೆನಿಸಿದ್ದನ್ನು ಅಳಿಸಿದ ಮೇಲೆಯೇ ಉಳಿದದ್ದು ಸಂಶೋಧಕರ ಕೈಗೆ. ಸಾಧನ ಎಲ್ಲೋ ಬಿದ್ದುಹೋದರೂ ಸಿಕ್ಕವರಿಗೆ ಚಿತ್ರ ತೆರೆಯಲು ಬರಬಾರದು. ಮನೆಯವರಿಗೆ, ಸಹೋದ್ಯೋಗಿಗಳಿಗೆ ಮೊದಲೇ ಹೇಳಿರಬೇಕು. ಯಾರಾದರೂ ಬೇಡ ಎಂದರೆ ಆಗಲೇ ತೆಗೆದಿಡಬೇಕು. ಅಪರಿಚಿತರು ಕೇಳಿದರೆ ಏನು ಹೇಳಬೇಕೆಂದು ಧರಿಸಿದವರಿಗೆ ಮೊದಲೇ ತಿಳಿಸಿಕೊಟ್ಟಿರಬೇಕು.

ಮಕ್ಕಳ ವಿಷಯಕ್ಕೆ ಬಂದರೆ ಎಚ್ಚರ ಇನ್ನೂ ಜಾಸ್ತಿ ಬೇಕು. ನ್ಯೂಜಿಲೆಂಡಿನ ಕಿಡ್ಸ್‌ಕ್ಯಾಮ್ ಅಧ್ಯಯನದಲ್ಲಿ ಮಕ್ಕಳು ಸುಮಾರು 7 ಸೆಕೆಂಡಿಗೊಂದು ಚಿತ್ರ ತೆಗೆಯುವ ಕ್ಯಾಮೆರಾ ಹಾಕಿಕೊಂಡಿದ್ದರು. ದಿನವೊಂದಕ್ಕೆ ಅವರ ಕಣ್ಣಿಗೆ ತಿಂಡಿ-ಪಾನೀಯಗಳ ಜಾಹೀರಾತು ಎಷ್ಟು ಬೀಳುತ್ತದೆ ಎಂಬುದು ಹಾಗೆ ಗೊತ್ತಾಯಿತು. ಪ್ರಶ್ನಾವಳಿ ಕೊಟ್ಟಿದ್ದರೆ ಇಷ್ಟು ನಿಖರವಾಗಿ ಸಿಗುತ್ತಿರಲಿಲ್ಲ. ಹಾಗಾಗಿ ಕ್ಯಾಮೆರಾವೇ ಬೇಡ ಎನ್ನಲು ನನಗೆ ಮನಸ್ಸಿಲ್ಲ. ಆದರೆ ಚಿತ್ರದಲ್ಲಿ ಮಗುವನ್ನು ಹೊಡೆಯುವುದು ಕಂಡರೆ? ಗುಟ್ಟು ಕಾಯುತ್ತೇವೆ ಎಂಬ ಮಾತು ಅಲ್ಲಿ ನಿಲ್ಲುವುದಿಲ್ಲ. ಯಾವ ಸಂದರ್ಭದಲ್ಲಿ ಅಧಿಕಾರಿಗಳಿಗೆ ತಿಳಿಸಬೇಕಾಗುತ್ತದೆ ಎಂದು ಸಹಿಗೆ ಮೊದಲೇ ಹೇಳಿಬಿಡಬೇಕು.

ಮುಖ ಮಸುಕು ಮಾಡಿದರೆ ಸಾಕಲ್ವಾ ಎಂದು ಕೆಲವರು ಕೇಳುತ್ತಾರೆ. ಸಾಲದು. ಗೇಟಿನ ಮೇಲಿನ ಮನೆ ನಂಬರ್, ಸಮವಸ್ತ್ರ, ದಿನಾ ನಡೆಯುವ ದಾರಿ ಸೇರಿದರೆ ಪರಿಚಯದವರು ಸುಲಭವಾಗಿ ಗುರುತು ಹಿಡಿಯುತ್ತಾರೆ. ಭಾಷಣದಲ್ಲೋ ಲೇಖನದಲ್ಲೋ ಒಂದೇ ಒಂದು ಚಿತ್ರ ತೋರಿಸುವುದಿದ್ದರೂ ಅದಕ್ಕೆ ಬೇರೆಯೇ ಒಪ್ಪಿಗೆ ಪಡೆಯಬೇಕು.