ಬಾಂದುಕಲ್ಲು ಇಲ್ಲದ ಗಡಿ

ನಾಸಾದ ವಾಯೇಜರ್ 1 ನೌಕೆ ಸೂರ್ಯನ ಸೀಮೆ ದಾಟಿ ಆಚೆ ಹೋಗಿದೆ ಅನ್ನೋದು ಈಗ ಶಾಲೆ ಮಕ್ಕಳಿಗೂ ಗೊತ್ತು. ಆದರೆ ಅಲ್ಲಿ ಯಾರೂ ಬಾಂದುಕಲ್ಲು ನೆಟ್ಟಿಲ್ಲ. ಬೇಲಿ ಇಲ್ಲ, ಕಣ್ಣಿಗೆ ಕಾಣುವ ಗೆರೆ ಅಂತೂ ಇಲ್ಲವೇ ಇಲ್ಲ. ನೌಕೆಯ ಕ್ಯಾಮೆರಾಗಳನ್ನು 1990ರಲ್ಲೇ ಆಫ್ ಮಾಡಿಬಿಟ್ಟಿದ್ದರು. ಹಾಗಿದ್ದ ಮೇಲೆ ದಾಟಿದ್ದು ಹೇಗೆ ಗೊತ್ತಾಯ್ತು?

ಬಾಹ್ಯಾಕಾಶದ ಮಾತು ಬಂತು ಅಂದರೆ ನಮ್ಮ ಮನಸ್ಸು ಸೀದಾ ಕಪ್ಪುರಂಧ್ರಕ್ಕೋ ಅನ್ಯಗ್ರಹದ ಜೀವಿಗಳಿಗೋ ಹಾರುತ್ತದೆ. ಹಾರಲಿ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅಲ್ಲಿ ಏನಿದೆ ಅನ್ನುವುದಕ್ಕಿಂತ, ಇಲ್ಲಿ ಕೂತವರು ಅದನ್ನು ಹೇಗೆ ಕಂಡುಹಿಡಿದರು ಅನ್ನೋ ಕಥೆಯಲ್ಲೇ ನನಗೆ ಜಾಸ್ತಿ ಮೈ ಜುಮ್ಮೆನ್ನುವುದು.

ಸೂರ್ಯನಿಂದ ಎಲ್ಲ ದಿಕ್ಕಿಗೂ ಸದಾ ವಿದ್ಯುತ್ ಕಣಗಳು ಹೊರಗೆ ಬೀಸುತ್ತಿರುತ್ತವೆ. ಇದೇ ಸೌರಮಾರುತ. ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಹೊರಟ ಈ ಗಾಳಿ ಗ್ರಹಗಳನ್ನೆಲ್ಲ ದಾಟಿ, ನಕ್ಷತ್ರಗಳ ನಡುವಿನ ತಣ್ಣನೆಯ ಅನಿಲಕ್ಕೆ ಎದುರಾದಾಗ ಅದನ್ನು ಮುಂದಕ್ಕೆ ತಳ್ಳಲಾರದೆ ನಿಂತುಬಿಡುತ್ತದೆ. ಹಾಗೆ ನಿಲ್ಲುವ ಜಾಗವೇ ಗಡಿ. ಒಳಗಿರುವುದು ಸೂರ್ಯ ಊದಿದ ದೊಡ್ಡ ಗುಳ್ಳೆ, ಹೊರಗಿರುವುದು ಬೇರೆ ಬೇರೆ ನಕ್ಷತ್ರಗಳು ಸತ್ತು ಉಗುಳಿದ ಕಣಗಳು. ಗುಳ್ಳೆಯ ಒಳಗೆ ಕಣಗಳು ಬಿಸಿ, ಆದರೆ ತೀರಾ ವಿರಳ. ಹೊರಗೆ ತಣ್ಣಗೆ, ಆದರೆ ದಟ್ಟ. ಅಂದಮೇಲೆ ನೌಕೆಯ ಸುತ್ತ ಎಷ್ಟು ಕಣಗಳಿವೆ ಅಂತ ಎಣಿಸಿದರೆ ಸಾಕು, ಒಳಗಿದ್ದೇವಾ ಹೊರಗಿದ್ದೇವಾ ಅಂತ ಹೇಳಿಬಿಡಬಹುದು ಅಲ್ವಾ?

ತೊಂದರೆ ಇದ್ದದ್ದು ಅಲ್ಲೇ. ಈ ಕಣಗಳ ದಟ್ಟಣೆಯನ್ನು ನೇರವಾಗಿ ಅಳೆಯುವ ವಾಯೇಜರ್ 1ರ ಉಪಕರಣ 1980ರಲ್ಲೇ ಕೆಟ್ಟುಹೋಗಿತ್ತು. 2012ರ ಆಗಸ್ಟ್‌ನಲ್ಲಿ ಬೇರೆ ಉಪಕರಣಗಳಿಗೆ ಕಂಡ ಹಾಗೆ ಸೂರ್ಯನ ಕಡೆಯ ವೇಗದ ಕಣಗಳು ಇದ್ದಕ್ಕಿದ್ದ ಹಾಗೆ ಕಡಿಮೆಯಾದವು, ಆಚೆಯಿಂದ ಭಾರೀ ವೇಗದಲ್ಲಿ ಬರುವ ಕಣಗಳು, ಅಂದರೆ ಕಾಸ್ಮಿಕ್ ಕಿರಣಗಳು, ಜಾಸ್ತಿಯಾದವು. ದಾಟಿಬಿಟ್ಟಿತು ಅಂತ ಕೆಲವರು ಹೇಳಿದರು. ಆದರೆ ಕಾಂತಕ್ಷೇತ್ರದ ದಿಕ್ಕು ಬದಲಾಗಬೇಕಿತ್ತು, ಬದಲಾಗಲಿಲ್ಲ. ಹಾಗಾಗಿ ಇನ್ನು ಕೆಲವರು ಒಪ್ಪಲಿಲ್ಲ. ವಾದ ಒಂದು ವರ್ಷ ನಡೆಯಿತು.

ಅದನ್ನು ಬಗೆಹರಿಸಿದ್ದು ಸೂರ್ಯನೇ. 2012ರ ಮಾರ್ಚ್‌ನಲ್ಲಿ ಸೂರ್ಯನ ಮೇಲೆ ದೊಡ್ಡ ಸ್ಫೋಟವಾಗಿತ್ತು. ಅದರ ಅಲೆ 13 ತಿಂಗಳು ಪ್ರಯಾಣ ಮಾಡಿ, 2013ರ ಏಪ್ರಿಲ್‌ನಲ್ಲಿ ವಾಯೇಜರ್ ಇದ್ದ ಜಾಗಕ್ಕೆ ಬಂದು ತಟ್ಟಿತು. ಸುತ್ತಲಿನ ಎಲೆಕ್ಟ್ರಾನ್‌ಗಳು ನಡುಗಿದವು. ಅಯೋವಾ ವಿಶ್ವವಿದ್ಯಾಲಯದ ಡಾನ್ ಗರ್ನೆಟ್ ತಂಡದ ಇನ್ನೊಂದು ಉಪಕರಣಕ್ಕೆ ಕಣ ಎಣಿಸೋಕೆ ಬರುತ್ತಿರಲಿಲ್ಲ, ಆದರೆ ಇಂಥ ನಡುಕ ಕೇಳಿಸಿಕೊಳ್ಳೋಕೆ ಬರುತ್ತಿತ್ತು. ಎಲೆಕ್ಟ್ರಾನ್‌ಗಳು ಎಷ್ಟು ದಟ್ಟವಾಗಿವೆ ಅನ್ನುವುದರ ಮೇಲೆಯೇ ಅವು ಸೆಕೆಂಡಿಗೆ ಎಷ್ಟು ಸಲ ನಡುಗುತ್ತವೆ ಅನ್ನೋದು ನಿಂತಿದೆ. ಬಂದ ಉತ್ತರ ಸೆಕೆಂಡಿಗೆ ಸುಮಾರು 2,600 ಸಲ. ಲೆಕ್ಕ ಹಾಕಿದರೆ ಒಂದು ಲೀಟರ್ ಜಾಗದಲ್ಲಿ ಹೆಚ್ಚುಕಡಿಮೆ 80 ಎಲೆಕ್ಟ್ರಾನ್. ಗುಳ್ಳೆಯ ಒಳ ಅಂಚಿನಲ್ಲಿ ಇರುವುದಕ್ಕಿಂತ ಇದು ಸುಮಾರು 40 ಪಟ್ಟು ಜಾಸ್ತಿ. ಹಳೆಯ ದತ್ತಾಂಶ ತೆಗೆದು ನೋಡಿದರೆ 2012ರ ಕೊನೆಯಲ್ಲೂ ಇಂಥದೇ ಒಂದು ಸಣ್ಣ ನಡುಕ ಸಿಕ್ಕಿತು. ಎರಡನ್ನೂ ಜೋಡಿಸಿ ಹಿಂದಕ್ಕೆ ಲೆಕ್ಕ ಹಾಕಿದಾಗ ಬಂದ ದಿನ 2012ರ ಆಗಸ್ಟ್ 25ರ ಆಸುಪಾಸು. ದಾಟಿ ಒಂದು ವರ್ಷ ಕಳೆದ ಮೇಲೆ, 2013ರ ಸೆಪ್ಟೆಂಬರ್‌ನಲ್ಲಿ ನಾಸಾ ಅದನ್ನು ಜಗತ್ತಿಗೆ ಹೇಳಿತು.

ಕೆಟ್ಟ ಉಪಕರಣದ ಜಾಗದಲ್ಲಿ ಇನ್ನೊಂದು ಉಪಕರಣ, ಅದಕ್ಕೆ ಕೇಳಿಸುವ ಹಾಗೆ ಸೂರ್ಯನದೇ ಒಂದು ಪೆಟ್ಟು. ಇದರ ಮುಂದೆ ಯಾವ ಅನ್ಯಗ್ರಹದ ಕಥೆಯೂ ನನಗೆ ಸಪ್ಪೆ ಅನಿಸುತ್ತದೆ.

ಈ ನೌಕೆ ಹೊರಟದ್ದು 1977ರ ಸೆಪ್ಟೆಂಬರ್ 5ರಂದು. ಅವಳಿ ನೌಕೆ ವಾಯೇಜರ್ 2 ಅದಕ್ಕಿಂತ ಸ್ವಲ್ಪ ಮೊದಲು, ಆಗಸ್ಟ್ 20ಕ್ಕೆ. ಗುರು, ಶನಿ ನೋಡಿ ಬಂದರೆ ಸಾಕು, ಐದು ವರ್ಷ ಬಾಳಿಕೆ ಬಂದರೆ ಸಾಕು ಅಂತ ಕಟ್ಟಿದ್ದವು ಇವು. ಮೂರು ಬಗೆಯ ಕಂಪ್ಯೂಟರ್ ಸೇರಿದರೂ ಒಟ್ಟು ಮೆಮೊರಿ 70 ಕಿಲೋಬೈಟ್‌ಗಿಂತ ಕಡಿಮೆ. ನಾವು ಬೆಳಿಗ್ಗೆ ಫಾರ್ವರ್ಡ್ ಮಾಡುವ ಗುಡ್ ಮಾರ್ನಿಂಗ್ ಫೋಟೋ ಕೂಡ ಅದರಲ್ಲಿ ಹಿಡಿಯುವುದು ಕಷ್ಟ. ಈಗ ವಾಯೇಜರ್ 1 ಇರುವುದು 2,400 ಕೋಟಿ ಕಿ.ಮೀ.ಗಿಂತಲೂ ದೂರದಲ್ಲಿ. ಅಲ್ಲಿಂದ ಮಾತಾಡುವ ಅದರ ರೇಡಿಯೋದ ಶಕ್ತಿ ಸುಮಾರು 23 ವ್ಯಾಟ್, ಹಳೆಯ ಕಾಲದ ಒಂದು ಟ್ಯೂಬ್‌ಲೈಟ್‌ಗೆ ಬೇಕಾಗುವಷ್ಟೂ ಅಲ್ಲ. ಅದು ಭೂಮಿ ಮುಟ್ಟುವ ಹೊತ್ತಿಗೆ ಒಂದು ವ್ಯಾಟಿನ ಕೋಟಿ ಕೋಟಿಯಲ್ಲಿ ಒಂದು ಪಾಲೂ ಉಳಿದಿರುವುದಿಲ್ಲ. ಆ ಚೂರನ್ನು ಹಿಡಿಯುವುದಕ್ಕೆ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್, ಸ್ಪೇನ್‌ನ ಮ್ಯಾಡ್ರಿಡ್, ಆಸ್ಟ್ರೇಲಿಯಾದ ಕ್ಯಾನ್‌ಬೆರಾಗಳಲ್ಲಿ 70 ಮೀಟರ್ ಅಗಲದ ಆಂಟೆನಾಗಳಿವೆ. ಬೆಂಗಳೂರಿನ ಹತ್ತಿರ ಬ್ಯಾಲಾಳಿನಲ್ಲಿರುವ ಇಸ್ರೋದ ದೊಡ್ಡ ಆಂಟೆನಾ 32 ಮೀಟರಿನದು. ಚಂದ್ರಯಾನ, ಮಂಗಳಯಾನಗಳ ಮಾತು ಕೇಳಿಸಿಕೊಂಡದ್ದು ಅದೇ. 70 ಮೀಟರ್ ಅಂದರೆ ಅದರ ಎರಡರಷ್ಟಕ್ಕಿಂತ ಜಾಸ್ತಿ ಅಗಲ.

2023ರ ನವೆಂಬರ್ 14ರಿಂದ ವಾಯೇಜರ್ 1 ಕಳಿಸುತ್ತಿದ್ದದ್ದರಲ್ಲಿ ಅರ್ಥವೇ ಇರಲಿಲ್ಲ. ಒಂದು, ಸೊನ್ನೆಗಳ ಒಂದೇ ಸಾಲು ಮತ್ತೆ ಮತ್ತೆ ಬರುತ್ತಿತ್ತು, ಅಷ್ಟೇ. ನೌಕೆ ಬದುಕಿದೆ, ಮಾತು ಬಿದ್ದುಹೋಗಿದೆ. ಇಲ್ಲಿಂದ ಒಂದು ಆದೇಶ ಹೋಗಿ ಮುಟ್ಟುವುದಕ್ಕೆ ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರುವುದಕ್ಕೆ ಇನ್ನೊಂದು ಇಪ್ಪತ್ತೆರಡೂವರೆ ಗಂಟೆ. ಒಂದು ಪ್ರಶ್ನೆ ಕೇಳಿದರೆ ಎರಡು ದಿನ ಕಾಯಬೇಕು. 2024ರ ಮಾರ್ಚ್ 1ರಂದು ಎಂಜಿನಿಯರುಗಳು ಕಂಪ್ಯೂಟರನ್ನು ಸುಮ್ನೆ ಒಮ್ಮೆ ಕೆಣಕಿ ನೋಡುವಂಥ ಆದೇಶ ಕಳಿಸಿದರು. 3ನೇ ತಾರೀಕು ಬಂದ ಉತ್ತರದಲ್ಲಿ ಒಂದು ಭಾಗ ಬೇರೆ ಥರ ಕಂಡಿತು. ಬಿಡಿಸಿ ಓದಿದರೆ ಅದು ಆ ಕಂಪ್ಯೂಟರಿನ ಇಡೀ ಮೆಮೊರಿಯ ನಕಲು! ಮೊದಲಿನ ನಕಲಿನ ಪಕ್ಕ ಇಟ್ಟು ನೋಡಿದಾಗ ಒಂದು ಚಿಪ್ ಸತ್ತಿದ್ದು ಗೊತ್ತಾಯ್ತು, ಮೆಮೊರಿಯ ಸುಮಾರು ಶೇ. 3ರಷ್ಟು ಹೋಗಿತ್ತು.

ಚಿಪ್ ಬದಲಾಯಿಸೋಕೆ ಯಾರೂ ಹೋಗುವ ಹಾಗಿಲ್ಲ. ಅಲ್ಲಿದ್ದ ಪ್ರೋಗ್ರಾಂ ಇಡಿಯಾಗಿ ಹಿಡಿಯುವಷ್ಟು ಖಾಲಿ ಜಾಗ ಬೇರೆಲ್ಲೂ ಇರಲಿಲ್ಲ. ಅದಕ್ಕೇ ಅದನ್ನು ತುಂಡು ಮಾಡಿ, ಒಂದೊಂದನ್ನು ಒಂದೊಂದು ಮೂಲೆಯಲ್ಲಿ ತುರುಕಿ, ಎಲ್ಲವೂ ಸೇರಿ ಮೊದಲಿನ ಹಾಗೇ ಕೆಲಸ ಮಾಡುವಂತೆ ವಿಳಾಸಗಳನ್ನು ತಿದ್ದಿದರು. ಏಪ್ರಿಲ್ 18ರಂದು ಮೊದಲ ತುಂಡು ಹೊರಟಿತು. 20ಕ್ಕೆ ನೌಕೆ ತನ್ನ ಆರೋಗ್ಯದ ವರದಿ ಕಳಿಸಿತು, ಐದು ತಿಂಗಳ ನಂತರ ಮೊದಲ ಸಲ. ನಾಸಾದವರು ಹಾಕಿದ ಫೋಟೋದಲ್ಲಿ ಮೇಜಿನ ಸುತ್ತ ಕೂತ ಆ ತಂಡದವರ ಮುಖ ನೋಡಿದರೆ ಸಾಕು, ಬೇರೆ ವಿವರಣೆಯೇ ಬೇಡ.

ಎರಡೂ ನೌಕೆಗಳಲ್ಲಿ ಚಿನ್ನದ ಲೇಪದ ಒಂದೊಂದು ತಾಮ್ರದ ರೆಕಾರ್ಡ್ ಇದೆ. 55 ಭಾಷೆಗಳ ಶುಭಾಶಯಗಳಲ್ಲಿ ಕನ್ನಡವೂ ಒಂದು: "ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು". ಎಷ್ಟು ಸಲ ಕೇಳಿದರೂ ಖುಷಿಯಾಗುತ್ತದೆ. ಆದರೆ ಅದು ಯಾರಿಗಾದರೂ ಸಿಗುತ್ತದೆ ಅನ್ನೋ ನಂಬಿಕೆ ನನಗೆ ಅಷ್ಟಾಗಿ ಇಲ್ಲ. ವಾಯೇಜರ್ 1 ಗ್ಲೀಸ್ 445 ಅನ್ನೋ ನಕ್ಷತ್ರದ ಹತ್ತಿರ ಹೋಗೋದಕ್ಕೇ ಸುಮಾರು 40,000 ವರ್ಷ ಬೇಕು, ಆ "ಹತ್ತಿರ" ಅಂದರೂ ಒಂದೂವರೆ ಜ್ಯೋತಿರ್ವರ್ಷಕ್ಕಿಂತ ಜಾಸ್ತಿ ದೂರ.

ಅಲ್ಲಿಯ ತನಕ ಅದು ಮಾತಾಡುತ್ತಿರುವುದಿಲ್ಲ. ಪ್ಲುಟೋನಿಯಂ ಶಾಖದಿಂದ ಬರುವ ವಿದ್ಯುತ್ ವರ್ಷಕ್ಕೆ ಸುಮಾರು 4 ವ್ಯಾಟ್ ಕಡಿಮೆಯಾಗುತ್ತಾ ಇದೆ. ಉಳಿತಾಯಕ್ಕೆ ಒಂದೊಂದೇ ಉಪಕರಣ ಆಫ್ ಮಾಡುತ್ತಿದ್ದಾರೆ. ಗಡಿ ದಾಟಿದ ಮೊದಲ ಸುಳಿವು ಕೊಟ್ಟವುಗಳಲ್ಲಿ ಒಂದಾದ ಕಾಸ್ಮಿಕ್ ಕಿರಣದ ಉಪಕರಣವನ್ನು ವಾಯೇಜರ್ 1ರಲ್ಲಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿದರು. ನನಗೆ ಬೇಜಾರಾದ ಸುದ್ದಿ ಅದು. ವಾಯೇಜರ್ 2 ಕೂಡ 2018ರ ನವೆಂಬರ್ 5ರಂದು ಗಡಿ ದಾಟಿದೆ. ಅದರ ಕಣ ಎಣಿಸುವ ಉಪಕರಣ ಆಗ ಚೆನ್ನಾಗಿದ್ದದ್ದರಿಂದ ಸೌರಮಾರುತ ನಿಂತುಹೋದದ್ದನ್ನು ನೇರವಾಗಿಯೇ ಅಳೆಯಿತು. ವಿಚಿತ್ರ ಅಂದರೆ ಅಲ್ಲೂ ಕಾಂತಕ್ಷೇತ್ರದ ದಿಕ್ಕು ಹೆಚ್ಚೇನೂ ಬದಲಾಗಲಿಲ್ಲ. ಒಳಗಿನ ಸೂರ್ಯನ ಕಾಂತಕ್ಷೇತ್ರ, ಹೊರಗಿನ ನಕ್ಷತ್ರಲೋಕದ ಕಾಂತಕ್ಷೇತ್ರ, ಎರಡೂ ಗಡಿಯಲ್ಲಿ ಯಾಕೆ ಹೆಚ್ಚುಕಡಿಮೆ ಒಂದೇ ಕಡೆ ಮುಖ ಮಾಡಿವೆ?

ಅದೇ ಸೌರಮಾರುತವನ್ನು ಅದು ಭೂಮಿಗೆ ಮುಟ್ಟುವ ಮೊದಲೇ ಅಳೆಯುವ ಕೆಲಸವನ್ನು ಈಗ ನಮ್ಮ ಆದಿತ್ಯ ಎಲ್1 ಮಾಡುತ್ತಿದೆ, ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿ ನಿಂತು. ಗಡಿಯನ್ನೇ ದೂರದಿಂದ ಅಳೆಯುವುದಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ನಾಸಾ ಐಮ್ಯಾಪ್ ಅನ್ನೋ ನೌಕೆಯನ್ನು ಕಳಿಸಿದೆ. ಆದರೆ ಗಡಿಯ ಆಚೆ ಹೋಗಿ ನಿಂತು ಅಳೆಯುತ್ತಿರುವುದು ಈ ಎರಡು ವಾಯೇಜರ್‌ಗಳು ಮಾತ್ರ. ಅದೇ ದಾರಿ ಹಿಡಿದಿರುವ ನಾಸಾದ ಇನ್ನೊಂದು ನೌಕೆ ನ್ಯೂ ಹೊರೈಜನ್ಸ್ ಇನ್ನೂ ಗುಳ್ಳೆಯ ಒಳಗೇ ಇದೆ.