ಗೆಲುವು ಇಬ್ಬರದೂ 28, ಮೇಲಕ್ಕೆ ಹೋದವರು ಒಬ್ಬರೇ

ಫುಟ್‌ಬಾಲ್ ಪಂದ್ಯಗಳ ವಿಡಿಯೊ ನೋಡಿ ಲೆಕ್ಕ ಹಾಕೋದು ನನ್ನ ಕೆಲಸ. ಕಲಿಯಲು ಬರುವ ಹುಡುಗರಿಗೆ ಮೊದಲ ದಿನವೇ ಒಂದು ಮಾತು ಹೇಳುತ್ತೇನೆ: ಅಂಕಪಟ್ಟಿಯಲ್ಲಿ ಗೆಲುವಿನ ಕಾಲಂ ಆಮೇಲೆ ನೋಡಿ, ಮೊದಲು ಸೋಲು ಎಣಿಸಿ. ನಂಬದವರ ಮುಂದೆ ಇಂಗ್ಲೆಂಡಿನ ಎರಡನೇ ಹಂತದ ಲೀಗ್ ಆದ ಚಾಂಪಿಯನ್‌ಶಿಪ್‌ನ 2024-25ರ ಪಟ್ಟಿ ಇಡುತ್ತೇನೆ.

ಅಲ್ಲಿ 24 ತಂಡ, ಒಂದೊಂದಕ್ಕೂ 46 ಪಂದ್ಯ. ಪ್ರೀಮಿಯರ್ ಲೀಗ್‌ಗಿಂತ ಎಂಟು ಜಾಸ್ತಿ. ಆ ಸೀಸನ್‌ನಲ್ಲಿ ಮೊದಲ ಎರಡು ತಂಡ ನೇರವಾಗಿ ಮೇಲಕ್ಕೆ, ಅಂದರೆ ಪ್ರೀಮಿಯರ್ ಲೀಗ್‌ಗೆ; 3ರಿಂದ 6ರವರೆಗಿನವರು ಮೇಲೆ ಉಳಿದ ಒಂದು ಜಾಗಕ್ಕಾಗಿ ತಮ್ಮತಮ್ಮಲ್ಲೇ ಆಡುವ ಪ್ಲೇ-ಆಫ್‌ಗೆ, ಕೊನೆಯ ಮೂರು ಕೆಳಕ್ಕೆ.

ಬರ್ನ್ಲಿ ಮೊದಲ ಎರಡೇ ಪಂದ್ಯದಲ್ಲಿ ಒಂಬತ್ತು ಗೋಲು ಹೊಡೆಯಿತು: ಲೂಟನ್ ಮೇಲೆ 4-1, ಕಾರ್ಡಿಫ್ ಮೇಲೆ 5-0. (ಆ ಇಬ್ಬರೂ ಸೀಸನ್ ಕೊನೆಗೆ ಕೆಳಗಿಳಿದರು, ಅದು ಬೇರೆ ಕಥೆ.) ಆಮೇಲೆ ಗೋಲಿನ ಮಳೆ ನಿಂತಿತು. 0-0 ಮೇಲೆ 0-0. ಬೋರು, ದುಡ್ಡು ದಂಡ ಅಂತ ಗೊಣಗಿದವರೂ ಇದ್ದರು. ಆದರೆ 46 ಪಂದ್ಯದಲ್ಲಿ ಈ ತಂಡ ಬಿಟ್ಟುಕೊಟ್ಟದ್ದು ಬರೀ 16 ಗೋಲು. 30 ಪಂದ್ಯದಲ್ಲಿ ಗೋಲ್‌ಕೀಪರ್ ಚೆಂಡನ್ನು ಬಲೆಯಿಂದ ಎತ್ತಿಕೊಳ್ಳಲೇ ಇಲ್ಲ. ಗೆಲುವು 28, ಡ್ರಾ 16, ಸೋಲು 2. ಒಟ್ಟು 100 ಅಂಕ.

ಈಗ ಶೆಫೀಲ್ಡ್ ಯುನೈಟೆಡ್ ನೋಡಿ. ಅದರ ಗೆಲುವೂ 28. ಹೌದು, ಅಷ್ಟೇ. ಆದರೆ ಡ್ರಾ 8, ಸೋಲು 10. ಶಿಕ್ಷೆಯಾಗಿ ಎರಡು ಅಂಕ ಕಡಿತ ಬೇರೆ ಇತ್ತು, ಕೈಗೆ ಸಿಕ್ಕಿದ್ದು 90. ಆ ಎರಡನ್ನು ವಾಪಸ್ ಕೊಟ್ಟರೂ ಮೂರನೇ ಸ್ಥಾನವೇ. ಇವರು ಸೋತ ಕಡೆ ಬರ್ನ್ಲಿ ಡ್ರಾ ಮಾಡಿಕೊಂಡು ಬಂತು, ವ್ಯತ್ಯಾಸ ಇಷ್ಟೇ.

ಯಾಕೆ ಹೀಗಾಗುತ್ತೆ? ಶನಿವಾರ ಆಡಿ ಮಂಗಳವಾರ ಮತ್ತೆ ಬೂಟು ಕಟ್ಟುವ ಲೀಗಿನಲ್ಲಿ ಕಾಲು ಸೋತಾಗ ಮೊದಲು ಹಾಳಾಗೋದು ದಾಳಿ, ಯಾಕಂದ್ರೆ ಅದಕ್ಕೆ ಓಟ ಬೇಕು, ಆ ಕ್ಷಣದ ಚುರುಕು ಬೇಕು. ಡಿಫೆನ್ಸ್ ಹಾಗಲ್ಲ. ಎಲ್ಲಿ ನಿಲ್ಲಬೇಕು, ಯಾವಾಗ ಹಿಂದೆ ಸರಿಯಬೇಕು ಅನ್ನೋದನ್ನ ಅಭ್ಯಾಸ ಮಾಡಿಸಿ ಮೈಗೆ ಹತ್ತಿಸಬಹುದು. ಗೋಲು ಬಿಡದಿದ್ದರೆ ಒಂದು ಅಂಕ ಆಗಲೇ ಜೇಬಿನಲ್ಲಿ, ಎಲ್ಲೋ ಒಂದು ಕಾರ್ನರ್‌ನಿಂದ ಗೋಲು ಬಂದರೆ ಮೂರು.

ಹಾಗಂತ ಇದೊಂದೇ ದಾರಿ ಅಲ್ಲ. ಲೀಡ್ಸ್ 95 ಗೋಲು ಹೊಡೆದು, 30 ಬಿಟ್ಟು, ಅದೇ 100 ಅಂಕಕ್ಕೆ ಬಂತು. ಕೊನೆಯ ದಿನ ಪ್ಲಿಮತ್‌ನಲ್ಲಿ ಹೆಚ್ಚುವರಿ ನಿಮಿಷದಲ್ಲಿ ಲೀಡ್ಸ್‌ನ ಮನೋರ್ ಸೊಲೊಮನ್ ಗೆಲುವಿನ ಗೋಲು ಹೊಡೆಯದಿದ್ದರೆ ಕಪ್ ಬರ್ನ್ಲಿಯದು. ಅಂಕ ಸಮ ಇದ್ದದ್ದರಿಂದ ಗೋಲು ಅಂತರದಲ್ಲಿ (ಹೊಡೆದದ್ದರಲ್ಲಿ ಬಿಟ್ಟದ್ದನ್ನು ಕಳೆದರೆ ಉಳಿಯೋದು) ಲೀಡ್ಸ್ ಚಾಂಪಿಯನ್ ಆಯ್ತು. ಆದರೆ ಅವರೂ ಸೋತದ್ದು ನಾಲ್ಕೇ ಸಲ, ಅದನ್ನ ಮರೀಬೇಡಿ.

ಪ್ಲೇ-ಆಫ್ ಬಂತು ಅಂದ್ರೆ ಈ ಲೆಕ್ಕವೆಲ್ಲ ಅಡಿಮೇಲು. ಸಂಡರ್ಲೆಂಡ್ 76 ಅಂಕದ ತಂಡ, ಲೀಗಿನ ಕೊನೆಯ ಐದು ಪಂದ್ಯವನ್ನೂ ಸೋತು ಬಂದಿತ್ತು. ವೆಂಬ್ಲಿಯ ಫೈನಲ್‌ನಲ್ಲಿ ಶೆಫೀಲ್ಡ್ 1-0 ಮುಂದಿತ್ತು. ಎರಡನೇ ಗೋಲೂ ಬಿತ್ತು, ಆದರೆ ವಿಎಆರ್ (ರೆಫರಿಗೆ ನೆರವಾಗುವ ವಿಡಿಯೊ ಪರಿಶೀಲನೆ) ನೋಡಿ ಆಫ್‌ಸೈಡ್ ಅಂತ ರದ್ದು ಮಾಡಿದರು. 46 ಪಂದ್ಯ ವಿಎಆರ್ ಇಲ್ಲದೆ ಆಡಿಸಿ, ಕೊನೆಯ ಒಂದಕ್ಕೆ ಮಾತ್ರ ತರೋದು ನನಗಂತೂ ಇಷ್ಟವಿಲ್ಲ. ಆಮೇಲೆ ಸಂಡರ್ಲೆಂಡ್‌ನ ಮಯೆಂಡಾ ಸಮ ಮಾಡಿದ, 95ನೇ ನಿಮಿಷದಲ್ಲಿ ಅದೇ ತಂಡದ ಟಾಮ್ ವಾಟ್ಸನ್ ಗೆಲ್ಲಿಸಿದ. ಆ ಹುಡುಗ ಬ್ರೈಟನ್ ಕ್ಲಬ್‌ಗೆ ಹೋಗೋದು ಅಷ್ಟರಲ್ಲಿ ನಿಕ್ಕಿಯಾಗಿತ್ತು.

ಸಂಡರ್ಲೆಂಡ್‌ನ ಸೋಲಿನ ಕಾಲಂನಲ್ಲಿ 12 ಇದೆ. ಪಾಠದ ಮಧ್ಯೆ ಯಾವನಾದರೂ ಹುಡುಗ ಅದನ್ನ ತೋರಿಸಿ "ಸರ್, ಇದು?" ಅಂತ ಕೇಳೇ ಕೇಳುತ್ತಾನೆ. ನಾನು ಸುಮ್ನೆ ಮುಂದಿನ ವಿಡಿಯೊ ಹಾಕುತ್ತೇನೆ.