ಪ್ರಭು ಅವರ ‘ಬೆಂಗಳೂರು ಪ್ರಾಜೆಕ್ಟ್’: ಓದುವವರಿಗೆ ಒಂದು ಟಿಪ್ಪಣಿ

ಬಿ.ಎಡ್. ಅಥವಾ ಇಂಗ್ಲಿಷ್ ಎಂ.ಎ. ಮಾಡುವವರಿಗೆ ‘ಟಾಸ್ಕ್ ಆಧಾರಿತ ಬೋಧನೆ’ ಪಾಠ ಬಂದೇ ಬರುತ್ತದೆ; ಅಂದರೆ ತಲೆ ಓಡಿಸಬೇಕಾದ ಕೆಲಸಗಳನ್ನು (ಟಾಸ್ಕ್) ಮಾಡಿಸುತ್ತಾ ಇಂಗ್ಲಿಷ್ ಕಲಿಸುವುದು. ಗೈಡ್‌ಗಳಲ್ಲಿ ನಾಲ್ಕು ಸಾಲು ಕೊಟ್ಟು ಮುಗಿಸಿರುತ್ತಾರೆ: ಎನ್. ಎಸ್. ಪ್ರಭು, ಬೆಂಗಳೂರು ಪ್ರಾಜೆಕ್ಟ್, 1979ರಿಂದ 1984, ಮೂರು ಬಗೆಯ ‘ಗ್ಯಾಪ್’. ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಹತ್ತು ಅಂಕದ್ದು ಬಂದರೆ ಸಾಲದು. ಟೀಚಿಂಗ್ ಪ್ರಾಕ್ಟೀಸ್‌ಗೆ ಹೋದಾಗಂತೂ ಏನೇನೂ ಸಾಲದು. ಪ್ರಭು ಯಾಕೆ ಹೀಗೆ ಕಲಿಸಬೇಕು ಅಂತ ಯೋಚಿಸಿದರು ಅನ್ನೋದನ್ನು ಮೊದಲು ಹಿಡಿಯಬೇಕು.

ಆಗ ದಕ್ಷಿಣ ಭಾರತದ ಶಾಲೆಗಳಲ್ಲಿ ಸ್ಟ್ರಕ್ಚರಲ್ ವಿಧಾನ ನಡೆಯುತ್ತಿತ್ತು. ವಾಕ್ಯರಚನೆಗಳನ್ನು ಸುಲಭದಿಂದ ಕಷ್ಟಕ್ಕೆ ಸಾಲಾಗಿ ಜೋಡಿಸಿ, ಒಂದೊಂದನ್ನೇ ಮಕ್ಕಳ ಬಾಯಲ್ಲಿ ಹೇಳಿಸಿ ಹೇಳಿಸಿ ರೂಢಿ ಮಾಡಿಸುವುದು. ‘ದಿಸ್ ಈಸ್ ಎ ಪೆನ್’ ಅಂತ ಮೇಷ್ಟ್ರು ಅನ್ನಬೇಕು, ಇಡೀ ಕ್ಲಾಸು ಒಟ್ಟಿಗೆ ಅದನ್ನೇ ಅನ್ನಬೇಕು. ಕ್ಲಾಸಿನಲ್ಲಿ ಎಲ್ಲ ಸರಿಯಾಗಿಯೇ ಹೇಳುತ್ತಿದ್ದರು. ತಾವಾಗಿ ಏನಾದರೂ ಹೇಳಬೇಕಾಗಿ ಬಂದಾಗ ಆ ರಚನೆಗಳು ಬಾಯಿಗೆ ಬರುತ್ತಿರಲಿಲ್ಲ. ಮದರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಪ್ರಭು ಅವರನ್ನು ಕಾಡಿದ್ದು ಇದೇ. ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಜೊತೆ ಸೇರಿ, ಬೆಂಗಳೂರು, ಮದರಾಸು ಕಡೆಯ ಕೆಲವೇ ಶಾಲೆಗಳಲ್ಲಿ ಅವರು ಬೇರೆ ಥರ ಕಲಿಸಿ ನೋಡಿದರು. ಹೆಸರು ದೊಡ್ಡದು, ಪ್ರಯೋಗ ಚಿಕ್ಕದು. ಇದು ನೆನಪಿರಲಿ.

ಅವರ ನಂಬಿಕೆ ಇಷ್ಟು: ಮನಸ್ಸು ಅರ್ಥದಲ್ಲಿ ಮುಳುಗಿರುವಾಗಲೇ ವ್ಯಾಕರಣ ಚೆನ್ನಾಗಿ ಒಳಗಿಳಿಯುತ್ತದೆ. ಹಾಗಾಗಿ ಅವರ ಸಿಲಬಸ್‌ನಲ್ಲಿ ವಾಕ್ಯರಚನೆಗಳ ಪಟ್ಟಿ ಇರಲಿಲ್ಲ, ಪದಗಳ ಪಟ್ಟಿಯೂ ಇರಲಿಲ್ಲ. ಇದ್ದದ್ದು ತಲೆ ಓಡಿಸಬೇಕಾದ ಕೆಲಸಗಳು ಮಾತ್ರ. ರೈಲ್ವೆ ಟೈಮ್‌ಟೇಬಲ್ ನೋಡಿ ಯಾವ ಗಾಡಿ ಹಿಡಿಯಬೇಕು ಅಂತ ಹೇಳುವುದು, ಮ್ಯಾಪ್ ನೋಡಿ ದಾರಿ ಕಂಡುಹಿಡಿಯುವುದು, ಇಂಥವು.

ಕ್ಲಾಸ್ ಹೇಗೆ ನಡೆಯುತ್ತಿತ್ತು ಅನ್ನೋದಕ್ಕೆ ನಾನೇ ಕಟ್ಟಿದ ಒಂದು ಉದಾಹರಣೆ ನೋಡಿ. ತರಗತಿಗಳ ವೇಳಾಪಟ್ಟಿಯಿಂದ ಒಬ್ಬ ಟೀಚರ್‌ನ ವೇಳಾಪಟ್ಟಿ ತಯಾರಿಸುವುದು ಪ್ರಭು ಅವರೇ ಹೇಳುವ ಟಾಸ್ಕ್. ಬೋರ್ಡ್ ಮೇಲೆ ಸೋಮವಾರದ ಪಟ್ಟಿ ಇದೆ ಅಂದುಕೊಳ್ಳಿ. ಆರನೇ ತರಗತಿಗೆ ಇಂಗ್ಲಿಷ್, ಗಣಿತ, ವಿಜ್ಞಾನ, ಕನ್ನಡ. ಏಳನೆಯದಕ್ಕೆ ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ. ಎಂಟನೆಯದಕ್ಕೆ ಗಣಿತ, ವಿಜ್ಞಾನ, ಕನ್ನಡ, ಇಂಗ್ಲಿಷ್. ಒಂದೊಂದು ವಿಷಯಕ್ಕೆ ಒಬ್ಬರೇ ಟೀಚರ್. ಮೊದಲು ಇಡೀ ಕ್ಲಾಸಿನ ಜೊತೆ ಇಂಗ್ಲಿಷ್ ಟೀಚರ್ ಬಗ್ಗೆ ಮಾತು:

‘ವೆನ್ ಈಸ್ ಶಿ ಇನ್ ಕ್ಲಾಸ್ ಸೆವೆನ್?’
‘ಸೆಕೆಂಡ್ ಪೀರಿಯಡ್.’
‘ಗುಡ್. ಆಂಡ್ ಇನ್ ದ ಥರ್ಡ್ ಪೀರಿಯಡ್?’
‘ಶಿ ನೋ ಕ್ಲಾಸ್, ಮಿಸ್.’
‘ಯೆಸ್, ಶಿ ಹ್ಯಾಸ್ ನೋ ಕ್ಲಾಸ್. ಸೋ ಶಿ ಈಸ್ ಫ್ರೀ.’

ಇದು ಪ್ರೀ-ಟಾಸ್ಕ್, ಅಂದರೆ ಟಾಸ್ಕ್‌ಗೆ ಮುಂಚಿನ ತಯಾರಿ. ಆಮೇಲೆ ಟಾಸ್ಕ್: ಅದೇ ಪಟ್ಟಿ ನೋಡಿ ಗಣಿತದ ಟೀಚರ್‌ಗೆ ಯಾವ ಪೀರಿಯಡ್ ಬಿಡುವು ಅಂತ ಪ್ರತಿಯೊಬ್ಬರೂ ತಾವೇ ಕಂಡುಹಿಡಿದು ಬರೆಯಬೇಕು. (ನಾಲ್ಕನೆಯದು. ನೀವೂ ನೋಡಿಕೊಳ್ಳಿ.) ಕೊನೆಗೆ ಉತ್ತರ ಸರಿಯಾ ತಪ್ಪಾ ಅಂತ ಮೇಷ್ಟ್ರು ಹೇಳುತ್ತಾರೆ. ಅದು ಲೆಕ್ಕಾಚಾರದ ಉತ್ತರಕ್ಕೆ ಕೊಡುವ ತೀರ್ಪು, ಮಗುವಿನ ಇಂಗ್ಲಿಷಿಗೆ ಅಲ್ಲ.

‘ಶಿ ನೋ ಕ್ಲಾಸ್’ ಅಂದಾಗ ಏನಾಯಿತು ಅಂತ ಇನ್ನೊಂದು ಸಲ ನೋಡಿ. ಟೀಚರ್ ಪಾಠ ನಿಲ್ಲಿಸಿ ‘ಹ್ಯಾಸ್’ ಯಾವಾಗ ‘ಹ್ಯಾವ್’ ಯಾವಾಗ ಅಂತ ಶುರು ಮಾಡಲಿಲ್ಲ. ಮಗುವಿನ ಮಾತನ್ನು ಒಪ್ಪಿಕೊಂಡು, ಸರಿಯಾದ ರೂಪದಲ್ಲಿ ತಾನೇ ಹೇಳಿ ಮುಂದೆ ಹೋದರು. ಪ್ರಭು ಇದನ್ನು ಇನ್ಸಿಡೆಂಟಲ್ ಕರೆಕ್ಷನ್ ಅನ್ನುತ್ತಾರೆ. ಅವರು ಬೇಡ ಅಂದದ್ದು ಸಿಸ್ಟಮ್ಯಾಟಿಕ್ ಕರೆಕ್ಷನ್, ಅಂದರೆ ತಪ್ಪನ್ನು ಹಿಡಿದುಕೊಂಡು ನಿಯಮ ವಿವರಿಸಿ ಮತ್ತೆ ಮತ್ತೆ ಹೇಳಿಸುವುದು. ‘ಪ್ರಭು ತಪ್ಪು ತಿದ್ದಬಾರದು ಅಂದರು’ ಅಂತ ಉತ್ತರದಲ್ಲಿ ಬರೆದರೆ ಅಂಕ ಹೋಯಿತು ಅಂತಲೇ ತಿಳಿಯಿರಿ.

ಇನ್ನು ಆ ಮೂರು ಗ್ಯಾಪ್. ಇನ್ಫರ್ಮೇಷನ್ ಗ್ಯಾಪ್‌ನಲ್ಲಿ ಒಬ್ಬರ ಹತ್ತಿರ ಇರುವ ಮಾಹಿತಿ ಇನ್ನೊಬ್ಬರಿಗೆ ದಾಟಬೇಕು. ರೀಸನಿಂಗ್ ಗ್ಯಾಪ್‌ನಲ್ಲಿ ಕೊಟ್ಟ ಮಾಹಿತಿಯಿಂದ ಹೊಸದೊಂದನ್ನು ತರ್ಕಿಸಿ ತೆಗೆಯಬೇಕು. ಒಪಿನಿಯನ್ ಗ್ಯಾಪ್‌ನಲ್ಲಿ ತನ್ನ ಅನಿಸಿಕೆ ಹೇಳಬೇಕು, ಅರ್ಧ ಕಥೆ ಮುಗಿಸಬೇಕು. ಪ್ರಭು ಅವರಿಗೆ ಇಷ್ಟವಾದದ್ದು ನಡುವಿನದು. ಮಾಹಿತಿ ದಾಟಿಸುವುದು ಒಂದೆರಡು ಪದಗಳಲ್ಲೇ ಮುಗಿದುಹೋಗಬಹುದು. ಅನಿಸಿಕೆಗೆ ಸರಿ ತಪ್ಪು ಅನ್ನೋದು ಇಲ್ಲ, ಹೊಸದಾಗಿ ಕಲಿಯುವ ಮಗುವಿಗೆ ಎಲ್ಲಿ ಹಿಡಿದುಕೊಳ್ಳಬೇಕು ಅಂತ ಗೊತ್ತಾಗುವುದಿಲ್ಲ. ತರ್ಕಿಸುವ ಕೆಲಸದಲ್ಲಿ ಉತ್ತರ ಒಂದು ಇದ್ದೇ ಇದೆ, ಅಲ್ಲಿಗೆ ಮುಟ್ಟೋಕೆ ಒದ್ದಾಡಬೇಕು. ಆ ಒದ್ದಾಟದಲ್ಲೇ ಭಾಷೆ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ.

ಎಷ್ಟು ಕಷ್ಟ ಇರಬೇಕು? ಇದಕ್ಕೆ ಅವರ ಅಂದಾಜು ಸರಳ: ಕ್ಲಾಸಿನಲ್ಲಿ ಅರ್ಧದಷ್ಟು ಮಕ್ಕಳಾದರೂ ಟಾಸ್ಕ್‌ನ ಅರ್ಧದಷ್ಟನ್ನಾದರೂ ಸರಿಯಾಗಿ ಮಾಡಬೇಕು. ಅದಕ್ಕಿಂತ ಕಡಿಮೆ ಆದರೆ ಮುಂದಿನದನ್ನು ಸುಲಭ ಮಾಡಿ. ಹಳ್ಳಿ ಶಾಲೆಯಾಗಲಿ ಪಟ್ಟಣದ ಶಾಲೆಯಾಗಲಿ, ಲೆಸನ್ ಪ್ಲಾನ್ ಬರೆಯುವಾಗ ನನಗೆ ತುಂಬಾ ಉಪಯೋಗಕ್ಕೆ ಬಂದ ಮಾತು ಇದೇ.

ಜಾಸ್ತಿ ಜನ ಎಡವುವುದು ಗ್ರೂಪ್ ವರ್ಕ್ ವಿಷಯದಲ್ಲಿ. ಟಾಸ್ಕ್ ಅಂದ ಕೂಡಲೇ ಬೆಂಚು ತಿರುಗಿಸಿ ಐದೈದು ಜನರನ್ನು ಕೂರಿಸುವುದು ಈಗಿನ ರೂಢಿ. ಪ್ರಭು ಅದನ್ನು ಬಯಸಲಿಲ್ಲ. ಮಕ್ಕಳು ತಮ್ಮತಮ್ಮಲ್ಲೇ ಅರೆಬರೆ ಇಂಗ್ಲಿಷ್ ಆಡುತ್ತಾ ಹೋದರೆ ಅದೇ ಗಟ್ಟಿಯಾಗಿಬಿಡುತ್ತದೆ ಅನ್ನೋದು ಅವರ ಆತಂಕ. ಒಳ್ಳೆಯ ಇಂಗ್ಲಿಷ್ ಬರುವುದು ಟೀಚರ್ ಬಾಯಿಂದ, ಹಾಗಾಗಿ ಪಾಠ ಟೀಚರ್ ಸುತ್ತಲೇ ನಡೆಯಬೇಕು ಅಂದರು. ಈ ಒಂದು ಕಡೆ ನನಗೆ ಅವರ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಅರವತ್ತು ಮಕ್ಕಳ ಕ್ಲಾಸಿನಲ್ಲಿ ಟೀಚರ್ ಒಬ್ಬರೇ ಮಾತಾಡಿದರೆ ಹಿಂದಿನ ಬೆಂಚಿನವರ ಬಾಯಿ ಬಿಡಿಸುವವರು ಯಾರು?

ಫಲಿತಾಂಶ ಏನಾಯಿತು? 1985ರಲ್ಲಿ ಬೆರೆಟ್ಟಾ ಮತ್ತು ಡೇವಿಸ್ ಎಂಬ ಸಂಶೋಧಕರು ಪ್ರಕಟಿಸಿದ ಮೌಲ್ಯಮಾಪನದಲ್ಲಿ ಪ್ರಾಜೆಕ್ಟ್ ಮಕ್ಕಳನ್ನೂ ಹಳೆಯ ವಿಧಾನದ ಮಕ್ಕಳನ್ನೂ ಹೋಲಿಸಿದ್ದಾರೆ. ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆಯ ವಿಧಾನದವರು ಮುಂದೆ, ಟಾಸ್ಕ್ ಪರೀಕ್ಷೆಯಲ್ಲಿ ಪ್ರಾಜೆಕ್ಟ್‌ನವರು ಮುಂದೆ. ಅವರವರು ಕಲಿತದ್ದರಲ್ಲಿ ಅವರವರು ಗೆದ್ದರು, ಅಷ್ಟೇ ಅಲ್ವಾ? ಯಾರ ಕಡೆಗೂ ವಾಲದ ಪರೀಕ್ಷೆಗಳಲ್ಲಿ ಒಟ್ಟಾರೆ ಪ್ರಾಜೆಕ್ಟ್ ಮಕ್ಕಳು ಮುಂದಿದ್ದರು. ಆದರೂ ಇದನ್ನು ಪೂರಾ ಪುರಾವೆ ಅನ್ನಲು ಆಗುವುದಿಲ್ಲ. ಶಾಲೆಗಳು ಕೆಲವೇ, ಎರಡೂ ಕಡೆಯ ಟೀಚರ್‌ಗಳು ಬೇರೆ ಬೇರೆ. ಗೆದ್ದದ್ದು ವಿಧಾನವೋ, ಉತ್ಸಾಹದ ಟೀಚರೋ ಅಂತ ಬೇರ್ಪಡಿಸಿ ಹೇಳುವುದು ಕಷ್ಟ.

ಪ್ರಾಜೆಕ್ಟ್‌ನ ಪೂರ್ತಿ ವಿವರ ಪ್ರಭು ಅವರ 1987ರ ಪುಸ್ತಕದಲ್ಲಿದೆ. 1990ರಲ್ಲಿ ಅವರು ಒಂದು ಲೇಖನ ಬರೆದು, ಎಲ್ಲಕ್ಕಿಂತ ಒಳ್ಳೆಯ ವಿಧಾನ ಅನ್ನೋದೇ ಇಲ್ಲ ಅಂದರು. ತಾವೇ ಒಂದು ವಿಧಾನ ಕಟ್ಟಿದವರು ಈ ಮಾತು ಹೇಳಿದ್ದು ಗಮನಿಸಿ. ಕಲಿಕೆ ಹೇಗೆ ಆಗುತ್ತದೆ ಅಂತ ಪ್ರತಿ ಟೀಚರ್‌ಗೂ ಒಳಗೊಳಗೇ ಒಂದು ನಂಬಿಕೆ ಇರುತ್ತದೆ. ಅದನ್ನು ಅವರು ‘ಸೆನ್ಸ್ ಆಫ್ ಪ್ಲಾಸಿಬಿಲಿಟಿ’ ಅಂದರು. ಅದು ಜೀವಂತವಾಗಿದ್ದರೆ ಪಾಠವೂ ಜೀವಂತ. ವಿಧಾನ ಯಾವುದೇ ಇರಲಿ, ಅದನ್ನು ಯಾಂತ್ರಿಕವಾಗಿ ನಡೆಸುವುದೇ ಅವರ ಪ್ರಕಾರ ದೊಡ್ಡ ಶತ್ರು.

ಟೀಚಿಂಗ್ ಪ್ರಾಕ್ಟೀಸ್‌ಗೆ ಒಂದು ಮಾತು. ಲೆಸನ್ ಪ್ಲಾನ್‌ನಲ್ಲಿ ‘ಟೀಚರ್ ವಿಲ್ ಎಕ್ಸ್‌ಪ್ಲೇನ್’ ಅಂತ ಸುಮ್ನೆ ಬರೆದು ಬಿಡಬೇಡಿ. ಪ್ರೀ-ಟಾಸ್ಕ್‌ನಲ್ಲಿ ನೀವು ಕೇಳುವ ಪ್ರಶ್ನೆಗಳನ್ನು ಸಾಲಾಗಿ ಬರೆಯಿರಿ, ಮಗು ತಡವರಿಸಿದರೆ ಅದನ್ನೇ ಇನ್ನೂ ಸುಲಭವಾಗಿ ಕೇಳುವುದು ಹೇಗೆ ಅಂತಲೂ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ.